ಬರ್ತೀನ್ರಿ ಅಂದವಳು

ಕಾರಿನ ಗಾಜು ಕೆಳಗಿಳಿಯಿತು.

"ಲಾಲಬೀ ಅವರ ಮನಿ ಇದೇ ಏನ್ರಿ? ನಿಮ್ಮ ಬಾಡಿಗಿ ಕಾರಿನ ಗಾದಿಲಿಂಗ ಕಳಿಸ್ಯಾನ್ರಿ. ಅವನ ಮಗಳಿಗೆ ಜ್ವರ ಬಂದೈತಿ, ಅದಕ್ಕ ಇವತ್ತು ನನ್ನ ಗಾಡಿ ತಂದೀನಿ."

ಗೇಟಿನ ಬಳಿ ನಿಂತಿದ್ದ ಪರ್ವೀನಳ ಕೈಯಿಂದ ನೀರಿನ ಬಾಟಲಿ ಜಾರಿ ಬಿತ್ತು.

ಆ ದನಿ! ದಿನಾ ಸಂಜೆ ಕೆಲಸ ಮುಗಿಸಿ ಬರುವಾಗ ಫೋನಿನಲ್ಲಿ ಕೇಳುತ್ತಿದ್ದ ದನಿ. ಹದಿನಾಲ್ಕು ತಿಂಗಳ ಹಿಂದೆ ಒಂದು ಕಾರಣವನ್ನೂ ಹೇಳದೆ ನಿಂತು ಹೋದ ದನಿ...

ಮುಬಶೀರ್!

ಅವನೂ ಅವಳನ್ನು ನೋಡಿದ. ಸ್ಟೇರಿಂಗ್ ಮೇಲಿದ್ದ ಕೈ ಹಾಗೇ ನಿಂತಿತು. ಕಣ್ಣು ಒಮ್ಮೆ ಅವಳ ಮುಖಕ್ಕೆ, ಒಮ್ಮೆ ಕೆಳಗೆ ಬಿದ್ದ ಬಾಟಲಿಗೆ, ಮತ್ತೆ ಮುಖಕ್ಕೆ... ಎಲ್ಲಿ ನಿಲ್ಲಬೇಕೋ ತಿಳಿಯದೆ ಓಡಾಡಿತು.

'ವಾಪಸ್ ಹೋಗು ಅನ್ನಲಾ? ಖಾಲಾಗ ಹೇಳಲಾ? ಹೇಳಿದ್ರ ಬೀದ್ಯಾಗ ದೊಡ್ಡ ರಾದ್ಧಾಂತ ಆಗತೈತಿ...'

ಅಷ್ಟರಲ್ಲಿ ಲಾಲಬೀ ಟಿಫನ್ ಕ್ಯಾರಿಯರ್ ಹಿಡಿದು, ಮಂಡಿ ಹಿಡಿದುಕೊಂಡು ಹೊರಗೆ ಬಂದೇಬಿಟ್ಟಳು. "ಯಾಕವ್ವಾ, ಕಂಬದಂಗ ನಿಂತೀ? ಹತ್ತು ಹತ್ತು! ಬಿಸಿಲೇರಾಕತ್ತೈತಿ."

ಮಂಡಿ ಚಾಚಲೆಂದು ಲಾಲಬೀ ಮುಂದೆ ಕೂತಳು, ಪರ್ವೀನ್ ಹಿಂದೆ ಹತ್ತಿದಳು. ಬೇರೆ ದಾರಿ ಏನಿತ್ತು?

ಲಾಲಬೀ ಪರ್ವೀನಳ ತಾಯಿಯ ತಂಗಿ. ಪರ್ವೀನಳ ತವರು ತೆಕ್ಕಲಕೋಟೆ. ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸ ಸಿಕ್ಕಾಗಿನಿಂದ ಕಂಟೋನ್ಮೆಂಟಿನ ಈ ಖಾಲಾ ಮನೆಯಲ್ಲೇ ಇದ್ದಾಳೆ. ನಲವತ್ತು ಪದರ ಜೀನ್ಸ್ ಬಟ್ಟೆಯನ್ನು ಒಂದೇ ಸಲಕ್ಕೆ, ಗೆರೆ ತಪ್ಪದಂತೆ ಕತ್ತರಿಸುವ ಹುಡುಗಿ. ಆದರೆ ಕಳೆದ ಎಂಟು ದಿನಗಳಿಂದ ಒಂದೇ ಒಂದು ಮಾತನ್ನು ತುಂಡು ಮಾಡಿ ಹೇಳಲು ಆಗುತ್ತಿಲ್ಲ!

ಸಿರುಗುಪ್ಪದಿಂದ ಸಂಬಂಧ ಬಂದಿತ್ತು. ಹುಡುಗ ಖಲಂದರ್, ಅಕ್ಕಿ ವ್ಯಾಪಾರ. ಒಳ್ಳೆಯವನು, ನಗುಮುಖದವನು. ಇವತ್ತು ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಉತ್ತರ ಹೇಳುತ್ತೇವೆಂದು ಲಾಲಬೀ ಅವರಿಗೆ ಮಾತು ಕೊಟ್ಟಿದ್ದಳು. ಪರ್ವೀನ್ ಬಾಯಿಯನ್ನೇ ಬಿಡದಿದ್ದಾಗ ಬೆಳಿಗ್ಗೆ ಖಾಲಾ ಸೊಂಟಕ್ಕೆ ಕೈಯಿಟ್ಟು ಹೇಳಿದ್ದು ಇಷ್ಟೇ:

"ಮನ್ಯಾಗ ಕುಂತು ಯೋಚನಿ ಮಾಡಿದ್ರ ತಲಿ ಕೆಡತೈತಿ. ಸಂಡೂರು ಗುಡ್ಡದ ಮ್ಯಾಲಿಂದ ಹೋಗಿ ಡ್ಯಾಂ ನೋಡ್ಕೊಂಡು ಬರೋಣ. ಬರೋದ್ರೊಳಗ ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ನಡುವ ಮಾತ್ರ ನಿಲ್ಲಬ್ಯಾಡ!"

ನಡುವೆ ನಿಲ್ಲಿಸಿದ್ದವನೇ ಈಗ ಕಾರು ಓಡಿಸುತ್ತಿದ್ದ.

ತೋರಣಗಲ್ಲು ದಾಟಿತು. ಬಯಲು ಮುಗಿದು ಗುಡ್ಡಗಳು ಶುರುವಾದವು. ಮಳೆಗಾಲ ಚೆನ್ನಾಗಿ ಸುರಿದು ಸಂಡೂರಿನ ಬೆಟ್ಟಗಳೆಲ್ಲ ಹಸಿರಾಗಿದ್ದವು. ರಸ್ತೆಯ ಅಂಚು ಮಾತ್ರ ಅದಿರಿನ ಕೆಂಪು.

ಪರ್ವೀನ್ ಯಾವುದನ್ನೂ ನೋಡಲಿಲ್ಲ. ಉಗುರಿನಿಂದ ಮಂಡಿಯ ಮೇಲೆ ಉದ್ದ ಗೆರೆ ಎಳೆಯುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಎಳೆಯುತ್ತಿದ್ದಳು. ಕನ್ನಡಿಯಲ್ಲಿ ಅವನ ಕಣ್ಣು ಕಾಣುತ್ತಿತ್ತು. ಅವಳು ಈ ಕಿಟಕಿಯಿಂದ ಆ ಕಿಟಕಿಗೆ ಸರಿದಳು. ಸ್ವಲ್ಪ ಹೊತ್ತಿಗೆ ಕನ್ನಡಿಯೂ ಆ ಕಡೆ ತಿರುಗಿತು! ಹಿಂದಿನ ಲಾರಿ ನೋಡಲು ತಿರುಗಿಸಿದನೆಂದು ನಂಬುವಷ್ಟು ಪೆದ್ದಿ ಅವಳಲ್ಲ.

'ಏನ್ ಧೈರ್ಯ! ಬ್ಯಾಡ ಅಂದಾವ ಯಾಕ ನೋಡಬೇಕು?'

"ತಮ್ಮಾ, ಮದುವಿ ಆಗೇತೇನು?" ಲಾಲಬೀಗೆ ಸುಮ್ಮನೆ ಕೂತು ಗೊತ್ತೇ ಇಲ್ಲ.

"ಇಲ್ರಿ."

"ಯಾಕ? ನೋಡಾಕ ಚಂದ ಅದೀ, ಸ್ವಂತ ಗಾಡಿ ಐತಿ."

ಅವನು ಗೇರ್ ಬದಲಿಸಿದ. "ಒಬ್ರು ಬರ್ತೀನಿ ಅಂದಿದ್ರು. ಬರಲಿಲ್ರಿ."

ಪರ್ವೀನಳ ಉಗುರು ಗೆರೆಯ ನಡುವೆಯೇ ನಿಂತಿತು. ಓಹೋ! ನನ್ನ ನಂತರ ಇನ್ನೊಬ್ಬಳೂ ಬಂದಿದ್ದಳೇ? ಬರ್ತೀನಿ ಅಂದು ಕೈ ಕೊಟ್ಟಳೇ? ಹಾಗೇ ಆಗಬೇಕು! ಆ ಇನ್ನೊಬ್ಬಳು ಅವಳೇ ಎಂದು ಪಾಪ ಅವಳಿಗೆ ಹೇಗೆ ಗೊತ್ತಾಗಬೇಕು?

"ನಮ್ಮ ಹುಡುಗಿಗೂ ಹಂಗ ಆತು ನೋಡು," ಲಾಲಬೀ ಅವನತ್ತ ತಿರುಗಿದಳು.

"ಖಾಲಾ, ಸುಮ್ಕಿರ್ರಿ!"

"ಯಾಕ ಸುಮ್ಕಿರಲಿ? ಕುರುಗೋಡಿನಾವ ಒಬ್ಬ. ನನ್ನ ಮಂಡಿ ಆಪರೇಷನ್ ಟೈಮಿನ್ಯಾಗ ತೆಕ್ಕಲಕೋಟಿಗೆ ಬಂದು ನೋಡ್ಕೊಂಡು ಹೋಗಿದ್ದ. ನಾ ಅವನ ಮುಖ ಸೈತ ನೋಡಿಲ್ಲ. ಎಲ್ಲಾ ಒಪ್ಪಿಗಿ ಆಗಿತ್ತು. ಎರಡು ತಿಂಗಳು ಫೋನಿನ್ಯಾಗ ಮಾತಾಡಿದ. ಆಮ್ಯಾಲ ಒಂದಿನ, ಸಂಬಂಧ ಬ್ಯಾಡಂತ, ಅಷ್ಟ! ಯಾಕಂತ ಹೇಳಲಿಲ್ಲ. ಈಕಿ ಎರಡು ತಿಂಗಳು ಅತ್ತಾಳಪ್ಪ. ಬಚ್ಚಲ್ದಾಗ ನಳ ತಿರುವಿ ಅಳ್ತಿದ್ಲು, ನನಗ ಕೇಳಸಬಾರ್ದಂತ..."

ಕಾರು ಗಕ್ಕನೆ ನಿಂತಿತು! ಮುಂದೆ ತಿರುವಿನಲ್ಲಿ ಅದಿರಿನ ಲಾರಿ ಒಂದು ಗುರುಗುಟ್ಟುತ್ತ ಏರುತ್ತಿತ್ತು.

"ತಮ್ಮಾ! ಮೆಲ್ಲಕ!"

"ತಪ್ಪಾತ್ರಿ," ಎಂದ ಮುಬಶೀರ್. ಅವನ ದನಿ ಸಣ್ಣದಾಗಿತ್ತು. ಕನ್ನಡಿಯಲ್ಲಿ ಈಗ ಕಣ್ಣು ಕಾಣಲಿಲ್ಲ.

ಪರ್ವೀನಳಿಗೆ ಭೂಮಿ ಬಾಯ್ತೆರೆಯಬಾರದೇ ಅನ್ನಿಸಿತು. ಯಾರಿಗೆ ತಿಳಿಯಬಾರದಿತ್ತೋ ಅವನ ಕಿವಿಗೇ ಬಿತ್ತಲ್ಲ, ಆ ಬಚ್ಚಲ ನಳದ ಸುದ್ದಿ!

ಘಾಟಿಯ ಮೇಲೆ ಗಂಗಕ್ಕನ ಚಹಾದ ಗೂಡು. ಲಾಲಬೀಗೆ ಹಳೇ ಪರಿಚಯ. ಇಬ್ಬರೂ ಕೂತು ಮಂಡಿ, ಸಕ್ಕರೆ ಕಾಯಿಲೆ, ಸೊಸೆಯಂದಿರು, ಎಲ್ಲವನ್ನೂ ಒಂದು ಸುತ್ತು ಮುಗಿಸಿದರು. ಪರ್ವೀನ್ ಒಂದು ತುದಿಯಲ್ಲಿ, ಮುಬಶೀರ್ ಇನ್ನೊಂದು ತುದಿಯಲ್ಲಿ. ನಡುವೆ ಬಿಸ್ಕತ್ತಿನ ಡಬ್ಬಿಗಳು.

"ಬರ್ತೀನವ್ವ ಗಂಗಕ್ಕ," ಲಾಲಬೀ ಎದ್ದಳು.

ಗಂಗಕ್ಕ ಸೊಂಟಕ್ಕೆ ಕೈಯಿಟ್ಟಳು. "ಏಮಮ್ಮಾ, ಹೋದ ವರ್ಷಾನೂ ಹಿಂಗ ಬರ್ತೀನಿ ಅಂತ ಹೋದಾಕಿ, ಇವತ್ತ ಮುಖ ತೋರ್ಸಾಕತ್ತೀ!"

"ಅಯ್ಯ, ಹೋಗ್ತೀನಿ ಅನ್ನಬಾರದಲ್ಲವ್ವ! ಅದಕ್ಕ ಬರ್ತೀನಿ ಅಂದೆ. ಬರ್ತೀನಿ ಅಂದ್ರ ಬರ್ತೀನಂತನಾ ಅರ್ಥ?"

ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮುಬಶೀರನ ಚಹಾದ ಲೋಟ ತುಟಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

ಅವನು ಲಾಲಬೀಯನ್ನು ನೋಡಿದ. ಆಮೇಲೆ ಪರ್ವೀನಳನ್ನು. ಕನ್ನಡಿಯ ಮೂಲಕವಲ್ಲ, ನೇರವಾಗಿ. ಅರ್ಧ ಚಹಾ ಚೆಲ್ಲಿ, "ಹತ್ತ್ರಿ, ಲಗೂ ಹೋಗೋಣ," ಎಂದ.

'ಇವನಿಗೇನಾತು?'

ಅಲ್ಲಿಂದ ಡ್ಯಾಂವರೆಗೆ ಅವನ ಬೆರಳು ಸ್ಟೇರಿಂಗ್ ಮೇಲೆ ಟಕಟಕ ಬಡಿಯುತ್ತಲೇ ಇತ್ತು. ಹಿಂದಿನ ಸೀಟಿನಲ್ಲಿ ಉಗುರು ಗೆರೆ ಎಳೆಯುತ್ತಲೇ ಇತ್ತು. ಲಾಲಬೀ ಮುಂದಿನ ಸೀಟಿನಲ್ಲಿ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದಳು.

ತುಂಗಭದ್ರೆ ತುಂಬಿ ನಿಂತಿದ್ದಳು. ಗೇಟುಗಳನ್ನು ತೆಗೆದಿದ್ದರು. ಬಿಳಿ ನೊರೆಯೆದ್ದು ನೀರು ಧುಮುಕುವ ಸದ್ದು ಕಾರು ನಿಲ್ಲಿಸಿದ ಜಾಗಕ್ಕೂ ಕೇಳುತ್ತಿತ್ತು. ಎದುರಿನ ಗುಡ್ಡದ ಮೇಲಿಂದ ಡ್ಯಾಂ ಪೂರ್ತಿ ಕಾಣುತ್ತದೆ, ಆದರೆ ಮೆಟ್ಟಿಲು ಹತ್ತಬೇಕು.

"ನನ್ನ ಕೈಲಾಗಂಗಿಲ್ಲ," ಲಾಲಬೀ ಮರದ ಕೆಳಗೆ ಕೂತುಬಿಟ್ಟಳು. "ತಮ್ಮಾ, ಈಕಿನ್ನ ಕರ್ಕೊಂಡೋಗಿ ತೋರ್ಸು. ಸ್ವಲ್ಪ ಬುದ್ಧಿನೂ ಹೇಳು. ಸಿರುಗುಪ್ಪದ ಹುಡುಗ ಬಂಗಾರದಂಥಾವ."

ಯಾರ ಕೈಯಲ್ಲಿ ಯಾರಿಗೆ ಬುದ್ಧಿ ಹೇಳಿಸುತ್ತಿದ್ದಾಳೆ ನೋಡಿ!

ಮೆಟ್ಟಿಲು ಮುಗಿದಲ್ಲಿ ಒಂದು ಕಲ್ಲಿನ ಕಟ್ಟೆ. ಮುಬಶೀರ್ ಅದರ ಮುಂದೆ ನಿಂತ. ಕೂರಲಿಲ್ಲ.

"ಒಂದು ಮಾತು ಕೇಳ್ತೀನಿ. ಖರೇ ಹೇಳ್ಬೇಕು."

"ಕೇಳೋ ಹಕ್ಕು ನಿಮಗೈತೇನು?" ಪರ್ವೀನ್ ಸರ್ರನೆ ತಿರುಗಿದಳು. "ಹದಿನಾಲ್ಕು ತಿಂಗಳು ನಾ ಕೇಳೀನಿ, ಗೋಡಿಗೆ! ನನ್ನ ತಪ್ಪೇನಂತ. ಬಣ್ಣನಾ? ಕೆಲಸಕ್ಕ ಹೋಗೋದಾ? ಏನಂತ ಹೇಳಿದ್ರ ಸಾಕಿತ್ತು!"

"ಆ ಶನಿವಾರ ನಾ ಫೋನ್ ಮಾಡಿದ್ನಲ್ಲ..." ಅವನು ಒಂದು ಹೆಜ್ಜೆ ಮುಂದೆ ಬಂದ. "ನಾ ಏನಂದೆ, ನೆನಪೈತೇನು?"

"ಯಾವ ಶನಿವಾರ? ಕೊನೀ ಸಲ ಮಾಡಿದ್ದಾ? ನಾ ಕಾರ್ಖಾನ್ಯಾಗ ಇದ್ದೆ. ಸುತ್ತ ಮಿಷಿನ್ ಓಡ್ತಿದ್ವು. ನಿಮ್ಮ ಮಾತು ಒಂದಕ್ಷರ ಕೇಳಿಸ್ಲಿಲ್ಲ. ಆಮ್ಯಾಲ ಮಾಡ್ತಾರ ಬಿಡು ಅಂತ..."

"ಅಂತ? ಏನಂದ್ರಿ ನೀವು?"

"ಏನಂತಾರ ಫೋನ್ ಇಡುವಾಗ? ಆತ್ರಿ, ಬರ್ತೀನ್ರಿ, ಅಂದೆ."

ಮುಬಶೀರ್ ಕಟ್ಟೆಯ ಮೇಲೆ ಕುಸಿದು ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ನಾಳಿ ಭಾನುವಾರ ಹನ್ನೊಂದಕ್ಕ ಅಜ್ಜನ್ನ ಕರ್ಕೊಂಡು ಡ್ಯಾಮಿಗೆ ಬರ್ತೀನಿ, ನೀವು ಬರ್ತೀರೇನು? ಅಂತ ಕೇಳಿದ್ದೆ ಪರ್ವೀನ್. ನೀವು, ಆತ್ರಿ, ಬರ್ತೀನ್ರಿ, ಅಂದ್ರಿ."

ನೀರಿನ ಸದ್ದು ಒಮ್ಮೆಲೇ ಜೋರಾದಂತಾಯಿತು. ಪರ್ವೀನ್ ಕಟ್ಟೆಯ ಅಂಚನ್ನು ಹಿಡಿದುಕೊಂಡಳು.

ಅವನ ಅಜ್ಜ ಫಕೀರಸಾಬರ ಸುದ್ದಿ ಅವಳಿಗೆ ಗೊತ್ತಿತ್ತು. ತೊಂಬತ್ತು ದಾಟಿದ ಜೀವ. ಈ ಡ್ಯಾಂ ಕಟ್ಟುವಾಗ ಹದಿನೇಳರ ಹುಡುಗನಾಗಿ ಕಲ್ಲು ಹೊತ್ತವರು. ಸಿಮೆಂಟಿಲ್ಲದೆ, ಇಟ್ಟಿಗೆ ಪುಡಿ ಸುಣ್ಣ ಕಲಸಿದ ಸುರ್ಕಿಯಲ್ಲಿ ಕಟ್ಟಿದ ಗೋಡೆ ಅದು. ಆ ಇಟ್ಟಿಗೆ ಕುಟ್ಟಲು ಬಂದಿದ್ದ ಹುಡುಗಿಯನ್ನೇ ಅವರು ಮದುವೆಯಾದದ್ದು. ಅದಕ್ಕೇ ಆ ಮನೆಯಲ್ಲೊಂದು ಪದ್ಧತಿ. ಯಾವ ಸೊಸೆ ಬರುವುದಿದ್ದರೂ ಮೊದಲು ಡ್ಯಾಂ ಎದುರಿಗೆ ಬಂದು ಅಜ್ಜನನ್ನು ಕಾಣಬೇಕು. ಅಜ್ಜ ತಾನು ಕಲ್ಲಿಟ್ಟ ಜಾಗ ತೋರಿಸಿ, ಬಾ ನಮ್ಮ ಮನಿಗೆ, ಅನ್ನಬೇಕು. ಅದೇ ಕೊನೆಯ ಒಪ್ಪಿಗೆ.

"ಇದೇ ಕಟ್ಟಿ ಮ್ಯಾಲ ಅಜ್ಜ ಕುಂತಿದ್ದ," ಮುಬಶೀರ್ ಅಂದ. "ಹೊಸ ಅಂಗಿ ಹಾಕ್ಕೊಂಡು, ನನ್ನ ಹೆಗಲು ಹಿಡಿದು ಮೆಟ್ಟಿಲು ಹತ್ತಿ ಬಂದು. ಹನ್ನೊಂದರಿಂದ ಐದರ ತನಕ. ಫೋನ್ ಮಾಡ್ತೀನಿ ಅಂದ್ರ ಬಿಡಲಿಲ್ಲ. ಮಾತು ಕೊಟ್ಟಾಕಿ ಬರ್ತಾಳ, ಕರದ್ರ ಆಕಿನ್ನ ಅವಮಾನ ಮಾಡ್ದಂಗ, ಅಂದ. ಊಟಾನೂ ಮುಟ್ಟಲಿಲ್ಲ. ಐದಕ್ಕ ನಾ ತಡೀಲಾರದ ಫೋನ್ ಹಚ್ಚಿದೆ, ನೀವು ಎತ್ತಲಿಲ್ಲ. ಅಷ್ಟರಾಗ ಅಜ್ಜಗ ಬಿಸಿಲಿಗೆ ಕಣ್ಣು ಕತ್ತಲಿ ಬಂತು..."

"ಆ ದಿನ ಓವರ್‌ಟೈಮ್ ಇತ್ತು. ಮಿಷಿನ್ ಸದ್ದಿನ್ಯಾಗ ಫೋನ್ ಕೇಳಿಸ್ಲಿಲ್ಲ." ಅವಳಿಗೆ ಅಳು ಒತ್ತರಿಸಿ ಬಂತು. "ಆಮ್ಯಾಲ ನಾ ಮೂರು ಸಲ ಮಾಡಿದೆ!"

"ಆಸ್ಪತ್ರ್ಯಾಗ ಇದ್ದೆ. ಸಿಟ್ಟೂ ಇತ್ತು. ಮರುದಿನ ಅವ್ವ ಬ್ಯಾಡಂತ ಹೇಳಿ ಕಳಿಸಿದ್ಲು, ನಾ ತಡೀಲಿಲ್ಲ. ಹತ್ತು ದಿನಕ್ಕ ತಡೀಲಾರದ ಮತ್ತ ಮಾಡಿದೆ. ನಿಮ್ಮ ನಂಬರ್ ಹತ್ತಲಿಲ್ಲ."

"ನಾನ ಬ್ಲಾಕ್ ಮಾಡಿದ್ದೆ..."

ಒಂದು ಸಾಲಿನ ಮೆಸೇಜ್! ಇಬ್ಬರಲ್ಲಿ ಯಾರಾದರೂ ಒಬ್ಬರು, ಯಾಕೆ, ಎಂಬ ಎರಡಕ್ಷರ ಕಳಿಸಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ಅವನಿಗೆ ಅಜ್ಜನ ಅವಮಾನ, ಇವಳಿಗೆ ತನ್ನ ಅವಮಾನ. ಫೋನು ಎರಡೂ ಜೇಬಿನಲ್ಲೇ ಇದ್ದವು. ಮನಸ್ಸೇ ಸ್ವಿಚ್ ಆಫ್ ಆಗಿತ್ತು.

"ಅಜ್ಜ... ಈಗ?" ಅವಳು ಹೆದರುತ್ತ ಕೇಳಿದಳು.

"ಅದಾನ. ಎರಡೇ ದಿನಕ್ಕ ಎದ್ದು ಕುಂತ. ನಿಮ್ಮನ್ನ ಇವತ್ತಿಗೂ ಬೈದಿಲ್ಲ. ಆ ಹುಡುಗಿಗೆ ಏನೋ ಅಡ್ಡಿ ಬಂದಿರಬೇಕಲೇ, ಅಂತಾನ."

ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ಆ ಮಾತಿಗೆ ನಿಲ್ಲಲಿಲ್ಲ. ಇಲ್ಲಿ ತಿರುವಲು ನಳವೂ ಇರಲಿಲ್ಲ. ಪರ್ವೀನ್ ಬಾಯಿಬಿಟ್ಟು ಅತ್ತಳು. ಅವನು ಜೇಬಿನಿಂದ ಕರವಸ್ತ್ರ ತೆಗೆದ, ಅದಕ್ಕೆ ಗ್ರೀಸ್ ಮೆತ್ತಿತ್ತು, ಮತ್ತೆ ಒಳಗಿಟ್ಟ. ಕೊನೆಗೆ ಬರಿಗೈಯನ್ನೇ ಚಾಚಿ, ಅವಳ ಕೈಯಿಂದ ಗೇಣು ದೂರದಲ್ಲಿ ಕಟ್ಟೆಯ ಮೇಲಿಟ್ಟ.

"ಬೆಳಿಗ್ಗೆ ಗಾದಿಲಿಂಗ ವಿಳಾಸ ಕೊಟ್ಟಾಗ ನಿಮ್ಮ ಖಾಲಾ ಮನಿ ಅಂತ ಗೊತ್ತಾತು. ಬ್ಯಾರೆಯವ್ರನ್ನ ಕಳಿಸು ಅನ್ನಬೇಕಂತ ಮಾಡಿದ್ದೆ. ಬಾಯಿ ಬರಲಿಲ್ಲ. ಒಂದ್ಸಲ ನೋಡಿದ್ರ ಸಾಕು ಅನ್ನಿಸ್ತು." ಅವನು ನೀರಿನತ್ತ ನೋಡುತ್ತ ಹೇಳಿದ. "ನೋಡಿದ ಮ್ಯಾಲ ಸಾಕಾಗಲಿಲ್ಲ. ಸಿರುಗುಪ್ಪದವ್ರು ಒಳ್ಳೇವ್ರು ಅಂತಾರ. ನೀವು ಹೂಂ ಅಂದ್ರ ನಾ ಸುಮ್ಮನ ಮನಿಗೆ ಬಿಟ್ಟು ಹೋಗ್ತೀನಿ. ಆದ್ರ ನನ್ನ ಮನಸ್ಸಿನ್ಯಾಗ ನೀವ ಅದೀರಿ. ಆವಾಗೂ, ಈಗೂ."

ಪರ್ವೀನ್ ಎಂಟು ದಿನ ಹುಡುಕಿದ ಉತ್ತರ ನಾಲಿಗೆಯ ತುದಿಯಲ್ಲೇ ಕೂತಿತ್ತು. ಎದ್ದು ಸೀದಾ ಮೆಟ್ಟಿಲಿಳಿದಳು.

"ಖಾಲಾ, ಫೋನ್ ಕೊಡ್ರಿ. ಸಿರುಗುಪ್ಪಕ್ಕ ನಾನ ಮಾತಾಡ್ತೀನಿ."

ಆ ಕಡೆ ಖಲಂದರನ ಅಕ್ಕ ಶಬನಂ ಎತ್ತಿದಳು.

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾ. ನಿಮ್ಮ ತಮ್ಮನ್ಯಾಗ ಏನೂ ಕೊರತಿ ಇಲ್ಲ. ನಾ ಮೊದಲ ಒಬ್ರಿಗೆ ಮಾತು ಕೊಟ್ಟಿದ್ದೆ, ಅದು ನನಗ ಗೊತ್ತಿರಲಿಲ್ಲ. ಇವತ್ತು ಗೊತ್ತಾತು. ನಿಮ್ಮನ್ನ ಕಾಯಿಸಿದ್ದಕ್ಕ ಮಾಫ್ ಮಾಡ್ರಿ." ಶಬನಂ, ಈಗಲೇ ಹೇಳಿದ್ದು ಒಳ್ಳೇದಾತು ತಂಗಿ, ಅಂದಳು. "ಆತಕ್ಕಾ, ಬರ್ತೀ..." ಪರ್ವೀನ್ ಗಪ್ಪನೆ ನಾಲಿಗೆ ಕಚ್ಚಿಕೊಂಡಳು. "ಫೋನ್ ಇಡ್ತೀನ್ರಿ!"

ಲಾಲಬೀ ಬಾಯಿ ತೆರೆದುಕೊಂಡು ಕೂತಿದ್ದಳು. "ಯಾರಿಗೆ ಕೊಟ್ಟಿದ್ದೆ ಮಾತು?"

ಪರ್ವೀನ್ ಮೆಟ್ಟಿಲ ಕಡೆ ತೋರಿಸಿದಳು. ಮುಬಶೀರ್ ಕೈಕಟ್ಟಿಕೊಂಡು ಇಳಿದು ಬರುತ್ತಿದ್ದ.

"ಡ್ರೈವರ್‌ಗೆ? ಇವತ್ತ ನೋಡೀದಿ!"

"ಕುರುಗೋಡಿನಾವ್ರು ಖಾಲಾ..."

ಲಾಲಬೀಗೆ ಮಂಡಿನೋವು ಮರೆತುಹೋಯಿತು. ಎದ್ದು ನಿಂತಳು. "ಆ ಹಲ್ಕಟ್ಟು ನೀನ ಏನಲೇ! ನನ್ನ ಟಿಫನ್ನಿನ್ಯಾಗಿನ ಚಪಾತಿ ತಿನ್ನಾಕ ಕೊಡಬೇಕಂತ ಮಾಡಿದ್ನಲ್ಲೋ ನಿನಗ!"

ಇಬ್ಬರೂ ಸೇರಿ ಎಲ್ಲವನ್ನೂ ಹೇಳಿದರು. ಎಲ್ಲ ಕೇಳಿದ ಲಾಲಬೀ ಕಣ್ಣೊರೆಸಿಕೊಂಡು ಟಿಫನ್ ಬಿಚ್ಚಿದಳು. "ತಿನ್ರಿ ಮೊದಲು. ಆಮ್ಯಾಲ ಆ ಮುದುಕನ ಹತ್ರ ನಡೀರಿ."

ಕಂಪ್ಲಿ ದಾಟಿ ಕುರುಗೋಡಿಗೆ ಬರುವಾಗ ಬಿಸಿಲು ತಗ್ಗಿತ್ತು. ಬಂಡೆಗುಡ್ಡದ ನೆರಳು ಓಣಿಯ ಮೇಲೆ ಬಿದ್ದಿತ್ತು. ಮನೆಯ ಮುಂದಿನ ಹೊರಸಿನ ಮೇಲೆ ಫಕೀರಸಾಬರು ಕೂತಿದ್ದರು. ಬಾಗಿಲಲ್ಲಿ ನಿಂತಿದ್ದ ಮುಬಶೀರನ ತಾಯಿ ಪರ್ವೀನಳನ್ನು ಗುರುತು ಹಿಡಿದು ಮುಖ ಬಿಗಿದಳು. ಮಗ ಹತ್ತಿರ ಹೋಗಿ ಎರಡು ಮಾತು ಹೇಳಿದ. ಅವಳ ಕೈ ಬಾಯಿಗೆ ಹೋಯಿತು.

ಪರ್ವೀನ್ ಹೊರಸಿನ ಪಕ್ಕ ನೆಲದ ಮೇಲೆ ಕೂತಳು.

"ಯಾರವ್ವಾ?" ಅಜ್ಜನಿಗೆ ಕಣ್ಣು ಮಂಜು.

"ನಾನ್ರಿ ಅಜ್ಜಾ, ಪರ್ವೀನ್. ಹನ್ನೊಂದಕ್ಕ ಬಾ ಅಂದಿದ್ರಿ. ತಡ ಆತ್ರಿ..."

ಅಜ್ಜ ತಲೆ ಎತ್ತಿದರು. "ಎಷ್ಟು ತಡ?"

"ಹದಿನಾಲ್ಕು ತಿಂಗಳು."

ಅಜ್ಜನ ಬೊಚ್ಚುಬಾಯಿ ಅಗಲವಾಯಿತು. "ಡ್ಯಾಂ ಕಟ್ಟಾಕ ಎಷ್ಟು ವರ್ಷ ಹಿಡೀತು ಗೊತ್ತೈತೇನು ನಿನಗ? ಹಂಗಂತ ನೀರು ನಿಲ್ಲಲಿಲ್ಲೇನು?" ಒರಟು ಕೈಯೊಂದು ತಡವರಿಸಿ ಅವಳ ತಲೆ ಮುಟ್ಟಿತು. "ನನ್ನ ಕಲ್ಲು ನೋಡಿದೇನು?"

"ಇಲ್ರಿ ಅಜ್ಜಾ. ನೀವ ತೋರಿಸ್ಬೇಕು."

"ಭಾನುವಾರ. ಹನ್ನೊಂದಕ್ಕ."

ಕಂಟೋನ್ಮೆಂಟಿನ ಗೇಟಿನ ಮುಂದೆ ಕಾರು ನಿಂತಾಗ ಮಗ್ರಿಬ್ ಅಜಾನ್ ಕೇಳುತ್ತಿತ್ತು. ತೆಕ್ಕಲಕೋಟೆಗೆ ಸುದ್ದಿ ಮುಟ್ಟಿಸುವ ಅವಸರದಲ್ಲಿ ಲಾಲಬೀ ಫೋನ್ ಹಿಡಿದು ಒಳಗೆ ಹೋಗಿಬಿಟ್ಟಳು. ಬೆಳಿಗ್ಗೆ ಬಿದ್ದಿದ್ದ ನೀರಿನ ಬಾಟಲಿ ಇನ್ನೂ ಅಲ್ಲೇ ಬಿದ್ದಿತ್ತು. ಮುಬಶೀರ್ ಇಳಿದು, ಎತ್ತಿ, ಒರೆಸಿ ಅವಳ ಕೈಗೆ ಕೊಟ್ಟ.

ಪರ್ವೀನ್ ಗೇಟು ತೆಗೆದಳು. ಅಭ್ಯಾಸ ಎಲ್ಲಿ ಬಿಡುತ್ತದೆ?

"ಬರ್ತೀನ್ರಿ."

ಅವನು ಬೆಚ್ಚಿದ. "ಪರ್ವೀನ್! ಯಾವ ಬರ್ತೀನಿ?"

ಅವಳು ತಿರುಗಿದಳು. ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು. ಅವನ ಹತ್ತಿರ ನಡೆದು ಬಂದು, ಅವನ ಅಂಗೈ ಹಿಡಿದು, ಅದರ ಮೇಲೆ ಉಗುರಿನಿಂದ ಒಂದು ನೇರ ಗೆರೆ ಎಳೆದಳು. ಕತ್ತರಿಸುವ ಮುಂಚೆ ಬಟ್ಟೆಗೆ ಎಳೆಯುವಂಥ, ಒಮ್ಮೆ ಹಾಕಿದರೆ ಬದಲಾಗದ ಗೆರೆ.

"ಹೋಗೋ ಬರ್ತೀನಿ ಅಲ್ರಿ. ಬರೋ ಬರ್ತೀನಿ."

"ನಿಮ್ಮ ಕಾರ್ಖಾನಿ ಮಿಷಿನ್ ಓಡ್ತಿಲ್ಲಲ್ಲ? ಅಜ್ಜ ಹೇಳಿದ್ದು ಚಲೋತ್ನ್ಯಾಗ ಕೇಳಿಸ್ತಲ್ಲ?"

"ಕೇಳಿಸ್ತು. ಭಾನುವಾರ, ಹನ್ನೊಂದಕ್ಕ." ಅವಳು ಅವನ ಬೆರಳುಗಳನ್ನು ಮೆಲ್ಲಗೆ ಮಡಚಿ ಗೆರೆಯನ್ನು ಒಳಗೆ ಮುಚ್ಚಿದಳು. "ನೀವು ಹತ್ತೂವರಿಗೆ ಬರ್ರಿ. ಈ ಸಲ ನಾ ಮೊದಲ ಬಂದು ಕುಂತಿರ್ತೀನಿ."